ಸ್ನಾರ್ಕೆಲ್ ಸಾಕಾ, ಸ್ಕೂಬಾ ಬೇಕಾ? ನೇತ್ರಾಣಿಯಿಂದ ಕೆಂಪು ಸಮುದ್ರದವರೆಗೆ ಒಂದು ಹೋಲಿಕೆ

ನೇತ್ರಾಣಿಗೆ ಹೋಗೋಣವಾ, ಅಂಡಮಾನಿಗಾ, ಇಲ್ಲ ಇನ್ನೊಂದಿಷ್ಟು ದುಡ್ಡು ಕೂಡಿಸಿ ಸೀದಾ ಮಾಲ್ಡೀವ್ಸ್‌ಗೇ ಹೋಗಿಬಿಡೋಣವಾ? ರಜೆ ಹತ್ತಿರ ಬಂದಾಗ ಸಮುದ್ರದ ಹುಚ್ಚಿರುವವರೆಲ್ಲ ಕೇಳುವ ಪ್ರಶ್ನೆ ಇದು. ಊರಿನ ಹೆಸರು ಹೇಳುವ ಮೊದಲು ನಾನು ತಿರುಗಿ ಒಂದು ಮಾತು ಕೇಳುತ್ತೇನೆ: ಸ್ನಾರ್ಕೆಲ್ ಕೊಳವೆ ಬಾಯಲ್ಲಿಟ್ಟು ಮುಖ ಮುಳುಗಿಸಿಕೊಂಡು ಮೇಲೆ ತೇಲ್ತೀರಾ, ಇಲ್ಲ ಸ್ಕೂಬಾದ ಗಾಳಿ ಸಿಲಿಂಡರ್ ಕಟ್ಟಿಕೊಂಡು ಕೆಳಗೆ ಇಳೀತೀರಾ?

ಯಾಕೆ ಅಂದ್ರೆ ಕೆಲವು ಕಡೆ ನೋಡುವಂಥದ್ದೆಲ್ಲ ಮೇಲಿನ ಮೂರು ನಾಲ್ಕು ಮೀಟರಿನಲ್ಲೇ ಇರುತ್ತದೆ. ಅಲ್ಲಿ ಸ್ಕೂಬಾಗೆ ಸುರಿದ ದುಡ್ಡು ದಂಡ. ಇನ್ನು ಕೆಲವು ಕಡೆ ಹತ್ತು ಹದಿನೈದು ಮೀಟರ್ ಕೆಳಗೆ ಜಾತ್ರೆಯೇ ನಡೆಯುತ್ತಿರುತ್ತದೆ, ಮೇಲೆ ತೇಲುವವರಿಗೆ ಬರೀ ಹಸಿರು ನೀರು. ಊರು ಆರಿಸುವಾಗ ಹೋಟೆಲ್ ಫೋಟೊಗಿಂತ ಮೊದಲು ನೋಡಬೇಕಾದ್ದು ಈ ಆಳವನ್ನು. ಬಣ್ಣದ ವಿಷಯವೂ ಇದೆ. ಬೆಳಕಿನಲ್ಲಿರುವ ಕೆಂಪು ಮೊದಲ ಐದಾರು ಮೀಟರಿನಲ್ಲೇ ಬಹಳಷ್ಟು ಮಾಸಿಹೋಗುತ್ತದೆ. ಹಾಗಾಗಿ ಬಣ್ಣ ಬಣ್ಣದ ಹವಳ ನೋಡಲಿಕ್ಕೆ ತೆಳು ನೀರೇ ಮೇಲು. ಆಳಕ್ಕೆ ಹೋದಷ್ಟೂ ಟಾರ್ಚ್ ಇಲ್ಲದೆ ಎಲ್ಲವೂ ನೀಲಿ-ಬೂದು ಬಣ್ಣವೇ.

"ನಂಗೆ ಈಜು ಬರಲ್ಲ, ಹಾಗಾಗಿ ಸ್ನಾರ್ಕೆಲಿಂಗ್ ಸಾಕು" ಅನ್ನುವವರು ಬಹಳ ಜನ. ನನಗೆ ಇದು ಉಲ್ಟಾ ಅನ್ನಿಸುತ್ತದೆ. ಅಲೆ ಇಲ್ಲದ, ಸೊಂಟದ ಆಳದ ಲಗೂನಿನಲ್ಲಿ (ಹವಳದ ಕಟ್ಟೆಯ ಒಳಗಿನ ನೀರಿನಲ್ಲಿ) ಲೈಫ್ ಜಾಕೆಟ್ ಹಾಕಿಕೊಂಡು ತೇಲುವುದು ಸುಲಭ, ಒಪ್ಪಿದೆ. ಆದರೆ ನಡುಸಮುದ್ರದಲ್ಲಿ ಬೋಟಿನಿಂದ ಇಳಿದು ಸ್ನಾರ್ಕೆಲ್ ಮಾಡುವಾಗ ಪ್ರತಿ ಅಲೆಗೂ ಕೊಳವೆಗೆ ನೀರು ನುಗ್ಗುತ್ತದೆ, ಸೆಳೆತ ಎಳೆಯುತ್ತದೆ, ಪಕ್ಕದಲ್ಲಿ ಯಾರೂ ಇರುವುದಿಲ್ಲ. ಮೊದಲ ಸಲದವರಿಗೆ ಮಾಡಿಸುವ ಟ್ರೈ ಡೈವ್‌ನಲ್ಲಾದರೆ ಇನ್‌ಸ್ಟ್ರಕ್ಟರ್ ನಿಮ್ಮನ್ನು ಬಿಟ್ಟು ಕದಲುವುದೇ ಇಲ್ಲ. ಕೈ ಬಿಡುವ ಕೇಂದ್ರ ಸಿಕ್ಕರೆ ಅಲ್ಲಿಂದ ವಾಪಸ್ ಬನ್ನಿ.

ನೇತ್ರಾಣಿ: ಇಳಿದರೆ ಮಾತ್ರ

ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದಲ್ಲಿ, ಅರಬ್ಬಿ ಸಮುದ್ರದ ಮಧ್ಯೆ ನಿಂತಿರುವ ಬಂಡೆ ದ್ವೀಪ ಇದು. ಬೋಟಿನಲ್ಲಿ ಒಂದೂವರೆ ಗಂಟೆ. ಮರಳಿನ ದಂಡೆ ಇಲ್ಲ, ಕಾಲೂರಲು ಜಾಗ ಇಲ್ಲ. ಕಡಿದಾದ ಬಂಡೆ ಸೀದಾ ನೀರಿಗೆ ಇಳಿಯುತ್ತದೆ, ಅದರ ಬುಡದಲ್ಲಿ ಹವಳ, ಮೀನು. ನೌಕಾಪಡೆಯವರು ಇದನ್ನು ಗುಂಡಿನ ಗುರಿ ಅಭ್ಯಾಸಕ್ಕೆ ಬಳಸುತ್ತಿದ್ದರು. ಹಾಗಿದ್ದೂ ಇಲ್ಲಿ ಇಷ್ಟು ಮೀನು ಉಳಿದಿರುವುದೇ ಆಶ್ಚರ್ಯ.

ನೋಡುವಂಥದ್ದು ಇರುವುದು ಆರರಿಂದ ಹದಿನೈದು ಮೀಟರಿನಲ್ಲಿ. ಚಿಟ್ಟೆಮೀನು, ಗಿಳಿಮೀನು, ಮೊರೆ ಈಲ್, ಅದೃಷ್ಟ ಇದ್ದರೆ ಬರಕುಡಾ ಹಿಂಡು. ನೀರಿನ ತಿಳಿ ಮಾತ್ರ ದಿನಕ್ಕೊಂದು ಥರ. ಒಂದು ದಿನ ಹದಿನೈದು ಮೀಟರ್ ದೂರ ಕಾಣುತ್ತದೆ, ಮರುದಿನ ಐದೇ ಮೀಟರ್. ಅದಕ್ಕೇ ಇಲ್ಲಿ ಸ್ನಾರ್ಕೆಲಿಂಗ್ ಟಿಕೆಟ್ ತೆಗೆದುಕೊಳ್ಳಬೇಡಿ ಅನ್ನುವುದು. ಹೋಗುವುದಾದರೆ ಸ್ಕೂಬಾಗೇ ಹೋಗಿ.

ಮೊದಲ ಸಲ ಇಳಿಯುವುದು ಹೇಗಿರುತ್ತದೆ ಅಂತ ಕೇಳ್ತೀರಾ? ಸೊಂಟಕ್ಕೆ ಸೀಸದ ಬೆಲ್ಟ್, ಬೆನ್ನಿಗೆ ಸಿಲಿಂಡರ್. ಇನ್‌ಸ್ಟ್ರಕ್ಟರ್ ಹಿಂದಿನಿಂದ ಸಿಲಿಂಡರಿನ ಕುತ್ತಿಗೆ ಹಿಡಿದುಕೊಂಡು ನಿಮ್ಮನ್ನು ಮೆಲ್ಲಗೆ ಇಳಿಸುತ್ತಾರೆ. ಎರಡು ಮೂರು ಮೀಟರ್ ಆಗುವಷ್ಟರಲ್ಲಿ ಕಿವಿ ಬಿಗಿಯುತ್ತದೆ. ಮಾಸ್ಕಿನ ಮೇಲಿಂದಲೇ ಮೂಗು ಒತ್ತಿ ಹಿಡಿದು ನಿಧಾನಕ್ಕೆ ಊದಿದರೆ ಟಕ್ ಅಂತ ಬಿಡುತ್ತದೆ. ಬಿಡದಿದ್ದರೆ ತಡೆದುಕೊಂಡು ಇಳಿಯಬಾರದು, ಸ್ವಲ್ಪ ಮೇಲೆ ಬಂದು ಮತ್ತೆ ಊದಬೇಕು. ಕ್ಯಾಮೆರಾ ಕಂಡ ಕೂಡಲೇ ಹೆಬ್ಬೆರಳು ಎತ್ತುವ ಅಭ್ಯಾಸ ನಮಗೆಲ್ಲ ಇದೆ, ಅಲ್ವಾ? ನೀರೊಳಗೆ ಹೆಬ್ಬೆರಳು ಎತ್ತಿದರೆ "ಮೇಲೆ ಹೋಗೋಣ" ಅಂತ ಅರ್ಥ. ಸೂಪರ್ ಅಂತ ತೋರಿಸಲು ಹೋಗಿ ಡೈವ್ ಅರ್ಧಕ್ಕೇ ಮುಗಿಸಿಕೊಂಡವರಿದ್ದಾರೆ. ಚೆನ್ನಾಗಿದೆ ಅನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಸೊನ್ನೆ ಮಾಡಿ ತೋರಿಸಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನಲ್ಲಿ ಇಲ್ಲಿ ಡೈವಿಂಗ್ ಇರುವುದಿಲ್ಲ. ಮಳೆಯ ಕೆಸರು ಕೂತು ಸಮುದ್ರ ತಣ್ಣಗಾದ ಮೇಲೆ, ಡಿಸೆಂಬರ್ ಹೊತ್ತಿಗೆ ಹೋದರೆ ಒಳ್ಳೆಯದು. ನಡುಸಮುದ್ರದ ಬೋಟು ತೂಗಾಡುತ್ತದೆ. ಬೆಳಗ್ಗೆ ಹೊಟ್ಟೆ ತುಂಬ ಬನ್ಸ್ ತಿಂದು ಹತ್ತಬೇಡಿ. ವಾಂತಿ ಮಾತ್ರೆಯನ್ನು ಬೋಟ್ ಹೊರಡುವ ಒಂದು ಗಂಟೆ ಮೊದಲೇ ನುಂಗಿ, ತಲೆ ತಿರುಗಲು ಶುರುವಾದ ಮೇಲೆ ನುಂಗಿ ಪ್ರಯೋಜನ ಇಲ್ಲ.

ಅಂಡಮಾನ್: ಹಣ ಜಾಸ್ತಿ, ಸಮುದ್ರವೂ ಜಾಸ್ತಿ

ಬೆಂಗಳೂರಿನಿಂದ ಪೋರ್ಟ್ ಬ್ಲೇರ್‌ಗೆ ವಿಮಾನ. 2024ರಲ್ಲಿ ಆ ಊರಿನ ಹೆಸರು ಶ್ರೀ ವಿಜಯಪುರಂ ಆಗಿದೆ. ಅಲ್ಲಿಂದ ಹ್ಯಾವ್‌ಲಾಕ್‌ಗೆ, ಅಂದರೆ 2018ರಿಂದೀಚೆಗೆ ಸ್ವರಾಜ್ ದ್ವೀಪ ಅನ್ನಿಸಿಕೊಂಡಿರುವ ದ್ವೀಪಕ್ಕೆ, ಹಡಗಿನಲ್ಲಿ ಇನ್ನೆರಡು ಗಂಟೆ. ನೇತ್ರಾಣಿಗೆ ವಾರಾಂತ್ಯ ಸಾಕು. ಇಲ್ಲಿಗೆ ಕಡಿಮೆ ಅಂದ್ರೂ ಐದಾರು ದಿನ ಬೇಕು.

ಆದರೆ ಡೈವ್ ಮಾಡುವವರಿಗೆ ನಮ್ಮ ದೇಶದಲ್ಲಿ ಇದರಷ್ಟು ಆಯ್ಕೆ ಇರುವ ಜಾಗ ಇನ್ನೊಂದಿಲ್ಲ. ಹೊಸಬರಿಗೆ ದಡದಿಂದಲೇ ಇಳಿಯುವ ನೀಮೊ ರೀಫ್. ಡೈವಿಂಗ್ ಸರ್ಟಿಫಿಕೇಟ್ ಇದ್ದವರಿಗೆ ಡಿಕ್ಸನ್ಸ್ ಪಿನಾಕಲ್, ಜಾನೀಸ್ ಗಾರ್ಜ್ ಥರದ ಆಳದ ಜಾಗಗಳು. ಬಂಡೆ ಶಿಖರಗಳ ಸುತ್ತ ಮೀನು ಮೋಡ ಕಟ್ಟಿದ ಹಾಗೆ ತಿರುಗುತ್ತಿರುತ್ತದೆ. ಒಮ್ಮೆ ಇಳಿದು ನೋಡಿದರೆ ಸಾಕು ಅನ್ನುವವರು ಅಂಡಮಾನಿಗೆ ಅಷ್ಟು ಖರ್ಚು ಮಾಡಿ ಹೋಗಬೇಕಿಲ್ಲ, ನೇತ್ರಾಣಿ ಸಾಕು. ಮೂರು ನಾಲ್ಕು ಡೈವ್ ಮಾಡುವ ಆಸೆ ಇದ್ದರೆ ಅಂಡಮಾನ್.

ಇಲ್ಲಿನ ಸ್ನಾರ್ಕೆಲಿಂಗ್ ಬಗ್ಗೆ ನನಗೆ ಅಷ್ಟಕ್ಕಷ್ಟೆ. ಎಲಿಫೆಂಟ್ ಬೀಚಿನಲ್ಲಿ ಜನವೋ ಜನ, ಜೆಟ್ ಸ್ಕೀ ಸದ್ದು, ತುಳಿದು ಮುರಿದ ಹವಳ. ಮಕ್ಕಳಿಗೆ ಮೀನು ತೋರಿಸಲಿಕ್ಕೆ ಪರವಾಗಿಲ್ಲ. ಸಿಕ್ಕಸಿಕ್ಕ ಬೀಚಿನಲ್ಲಿ ಮಾಸ್ಕ್ ಹಾಕಿಕೊಂಡು ಒಬ್ಬರೇ ಇಳಿಯಬೇಡಿ. 2010ರಲ್ಲಿ ರಾಧಾನಗರ ಬೀಚಿನ ಬಳಿ ಸ್ನಾರ್ಕೆಲ್ ಮಾಡುತ್ತಿದ್ದ ಅಮೆರಿಕದ ಪ್ರವಾಸಿಯೊಬ್ಬರು ಉಪ್ಪುನೀರಿನ ಮೊಸಳೆಗೆ ಬಲಿಯಾದರು. ಮೊಸಳೆ ಎಚ್ಚರಿಕೆಯ ಬೋರ್ಡ್ ಅಲ್ಲಿ ಸುಮ್ನೆ ಹಾಕಿಲ್ಲ.

ಲಕ್ಷದ್ವೀಪವೋ, ಮಾಲ್ಡೀವ್ಸೋ

ಸ್ನಾರ್ಕೆಲ್ ಪ್ರಿಯರ ನಿಜವಾದ ಪೈಪೋಟಿ ಇರುವುದು ಇವೆರಡರ ನಡುವೆ. ಎರಡೂ ಸಮುದ್ರದೊಳಗಿನ ಒಂದೇ ಬೆಟ್ಟಸಾಲಿನ ಮೇಲೆ ಬೆಳೆದ ಹವಳದ ದ್ವೀಪಗಳು. ಸುತ್ತ ಹವಳದ ಕಟ್ಟೆ, ಒಳಗೆ ತೆಳು ನೀರಿನ ಲಗೂನು. ನೋಡುವಂಥದ್ದು ಒಂದೆರಡು ಮೀಟರಿನಿಂದಲೇ ಶುರು.

ಲಕ್ಷದ್ವೀಪ ನಮಗೆ ಹೊಸದೇನಲ್ಲ. ಕಡಮತ್, ಅಮಿನಿ, ಕಿಲ್ತಾನ್ ದ್ವೀಪಗಳೆಲ್ಲ 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲೇ ಇದ್ದವು. ಮಂಗಳೂರಿನ ಹಳೇ ಬಂದರಿನಿಂದ ಮಂಜಿಗಳು (ಸರಕು ಸಾಗಿಸುವ ಮರದ ಹಡಗುಗಳು) ಅಲ್ಲಿಗೆ ಸಾಮಾನು ಹೊತ್ತೊಯ್ಯುತ್ತವೆ. ಪ್ರವಾಸಿಗರು ಹೋಗುವುದು ಮಾತ್ರ ಹೆಚ್ಚಾಗಿ ಕೊಚ್ಚಿ ಮೂಲಕ: ಹಡಗಿನಲ್ಲಿ, ಇಲ್ಲ ಅಗತ್ತಿ ದ್ವೀಪಕ್ಕೆ ಸಣ್ಣ ವಿಮಾನದಲ್ಲಿ. ಪ್ರವೇಶಕ್ಕೆ ಪರ್ಮಿಟ್ ಬೇಕು. ಟಿಕೆಟ್, ಪರ್ಮಿಟ್, ವಸತಿ ಮೂರೂ ಒಂದೇ ತಾರೀಖಿಗೆ ಕೂಡಿ ಬರುವಂತೆ ಮಾಡುವುದೇ ದೊಡ್ಡ ಕೆಲಸ. ಕೂಡಿ ಬಂದರೆ, ಜನಜಂಗುಳಿ ಇಲ್ಲದ ಇಂಥ ನೀರು ಬೇರೆಲ್ಲೂ ಇಷ್ಟು ಹತ್ತಿರದಲ್ಲಿ ಸಿಗುವುದಿಲ್ಲ. ಕಡಮತ್, ಬಂಗಾರಂ ಎರಡರಲ್ಲಿ ಯಾವುದು ಸಿಕ್ಕಿದರೂ ಬಿಡಬೇಡಿ.

ಮಾಲ್ಡೀವ್ಸ್‌ನಲ್ಲಿ ಈ ತಲೆನೋವು ಇಲ್ಲ. ಬೆಂಗಳೂರಿನಿಂದ ಎರಡು ಗಂಟೆಯ ಹಾರಾಟ, ಮೊದಲೇ ವೀಸಾ ಮಾಡಿಸಬೇಕಿಲ್ಲ. ರೆಸಾರ್ಟ್ ಬೆಲೆ ಕೇಳಿ ಎದೆ ಒಡೆಯಬೇಡಿ. 2009ರಿಂದ ಅಲ್ಲಿನ ಜನ ವಾಸಿಸುವ ದ್ವೀಪಗಳಲ್ಲೂ ಗೆಸ್ಟ್‌ಹೌಸ್ ನಡೆಸಲು ಅವಕಾಶ ಸಿಕ್ಕಿತು. ಹಾಗಾಗಿ ಮಧ್ಯಮ ವರ್ಗದವರ ಕೈಗೂ ಎಟುಕುತ್ತದೆ. ಎಲ್ಲರೂ ಮಾಫುಶಿ ದ್ವೀಪಕ್ಕೆ ಹೋಗುತ್ತಾರೆ. ನನ್ನ ಮಾತು ಕೇಳುವುದಾದರೆ ತಿಮಿಂಗಿಲ ಶಾರ್ಕ್ ನೋಡಲು ದಕ್ಷಿಣ ಅರಿ ಅಟಾಲ್‌ನ (ಅಟಾಲ್ ಅಂದರೆ ಉಂಗುರದ ಹಾಗಿರುವ ಹವಳ ದ್ವೀಪಗಳ ಗುಂಪು) ಧಿಗುರಾಗೆ ಹೋಗಿ. ಮಂಟಾ ನೋಡುವ ಆಸೆಯಿದ್ದರೆ ಬಾ ಅಟಾಲ್‌ನ ಧರವಂಧೂಗೆ.

ಧರವಂಧೂ ಹತ್ತಿರದ ಹನಿಫಾರು ಕೊಲ್ಲಿಯಂತೂ ಸ್ನಾರ್ಕೆಲ್ ಮಾಡುವವರ ಸ್ವಂತ ಆಸ್ತಿ. ಮಂಟಾ ಅಂದರೆ ನಮ್ಮ ಕರಾವಳಿಯ ತೊರಕೆ ಮೀನಿನ ದೊಡ್ಡ ನೆಂಟ. ರೆಕ್ಕೆ ಬಿಚ್ಚಿದರೆ ಮೂರು ಮೀಟರಿಗೂ ಅಗಲ. ಮುಂಗಾರಿನ ತಿಂಗಳುಗಳಲ್ಲಿ ಸೆಳೆತಕ್ಕೆ ಸಿಕ್ಕಿದ ಸೂಕ್ಷ್ಮ ಜೀವಿಗಳೆಲ್ಲ ಈ ಪುಟ್ಟ ಕೊಲ್ಲಿಗೆ ಬಂದು ತುಂಬಿಕೊಳ್ಳುತ್ತವೆ. ಅದನ್ನು ತಿನ್ನಲು ಮಂಟಾಗಳು ಸಾಲುಗಟ್ಟಿ ಬರುತ್ತವೆ. ಬಾಯಿ ಅಗಲಿಸಿಕೊಂಡು ಸುತ್ತು ಹಾಕುತ್ತಾ ನಿಮ್ಮ ಹೊಟ್ಟೆಯ ಕೆಳಗೇ ಹಾದು ಹೋಗುತ್ತವೆ. ಇಲ್ಲಿ ಸ್ಕೂಬಾ ನಿಷೇಧ, ಸ್ನಾರ್ಕೆಲ್‌ಗೆ ಮಾತ್ರ ಅನುಮತಿ. ಬಾ ಅಟಾಲ್‌ಗೆ 2011ರಲ್ಲಿ ಯುನೆಸ್ಕೋ ಜೀವಗೋಳ ಮೀಸಲು ಪ್ರದೇಶದ ಮಾನ್ಯತೆ ಸಿಕ್ಕಿತು. ಆಗಸ್ಟ್‌ನಿಂದ ಅಕ್ಟೋಬರ್‌ವರೆಗಿನ ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ಅವಕಾಶ ಹೆಚ್ಚು. ಮಳೆಗಾಲವಾದ್ದರಿಂದ ಆಗ ರೂಮಿನ ಬೆಲೆಯೂ ಇಳಿದಿರುತ್ತದೆ.

ರೆಸಾರ್ಟಿಗೇ ಹೋಗುವವರು ಬುಕ್ ಮಾಡುವ ಮೊದಲು ಕೇಳಬೇಕಾದ್ದು ಒಂದಿದೆ: ರೂಮಿನಿಂದ ಈಜಿಕೊಂಡು ಹೋಗುವಷ್ಟು ಹತ್ತಿರದಲ್ಲಿ ಹವಳದ ಕಟ್ಟೆ ಇದೆಯಾ? ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ವಿಲ್ಲಾಗಳ ಕೆಳಗೆ ಎಷ್ಟೋ ಕಡೆ ಬರೀ ಮರಳು. ಫೋಟೊಗೆ ಚೆಂದ, ಮಾಸ್ಕ್ ಹಾಕಿದರೆ ಏನೂ ಇಲ್ಲ. ಸಸ್ಯಾಹಾರಿಗಳಿಗೆ ಒಂದು ಮಾತು. ಅಲ್ಲಿನವರ ಬೆಳಗಿನ ತಿಂಡಿಯೇ ಟ್ಯೂನಾ ಮೀನು, ತೆಂಗಿನತುರಿ ಕಲಸಿದ ಮಸ್ ಹುನಿ. ಗೆಸ್ಟ್‌ಹೌಸ್‌ನವರಿಗೆ ಮೊದಲೇ ತಿಳಿಸಿ, ಚಟ್ನಿಪುಡಿ ಡಬ್ಬಿಯೂ ಜೊತೆಗಿರಲಿ. ಜನವಸತಿ ದ್ವೀಪಗಳಲ್ಲಿ ಮದ್ಯ ಇಲ್ಲ. ಲಕ್ಷದ್ವೀಪದಲ್ಲೂ ಬಂಗಾರಂ ಬಿಟ್ಟರೆ ಎಲ್ಲೂ ಇಲ್ಲ.

ಎರಡೂ ಕಡೆ ಹವಳದ ಸ್ಥಿತಿ ಮೊದಲಿನಂತಿಲ್ಲ ಅನ್ನುವುದನ್ನು ಮುಚ್ಚಿಡುವುದು ಸರಿಯಲ್ಲ. ಸಮುದ್ರ ಬಿಸಿಯಾಗಿ 1998, 2010, 2016ರಲ್ಲಿ ಲಕ್ಷದ್ವೀಪದ ಹವಳ ಬಿಳಿಚಿಕೊಂಡಿತ್ತು. 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಜಗತ್ತಿನಾದ್ಯಂತ ನಾಲ್ಕನೇ ಸಲ ಹವಳ ಬಿಳಿಚುತ್ತಿದೆ ಎಂದು ಘೋಷಿಸಿದರು. ಹತ್ತು ವರ್ಷ ಹಿಂದಿನ ಫೋಟೊ ನೋಡಿ ಹೊರಟರೆ ನಿರಾಸೆ ಆಗಬಹುದು. ಈ ಸೀಸನ್ನಿನ ಫೋಟೊ ಕೇಳಿ ತರಿಸಿಕೊಳ್ಳಿ.

ಕೋರ್ಸ್ ಮಾಡುವವರಿಗೆ

ಟ್ರೈ ಡೈವ್‌ನಲ್ಲಿ 12 ಮೀಟರಿಗಿಂತ ಕೆಳಗೆ ಬಿಡುವುದಿಲ್ಲ. ಓಪನ್ ವಾಟರ್ ಎಂಬ ಮೊದಲ ಹಂತದ ಸರ್ಟಿಫಿಕೇಟ್ ಇದ್ದರೆ 18 ಮೀಟರ್, ಅದರ ಮುಂದಿನ ಅಡ್ವಾನ್ಸ್‌ಡ್‌ಗೆ 30. ಓಪನ್ ವಾಟರ್ ಕೋರ್ಸಿಗೆ ಮೂರ್ನಾಲ್ಕು ದಿನ ಬೇಕು. ಈಜು ಬರಲೇಬೇಕು: ನಿಲ್ಲದೆ 200 ಮೀಟರ್ ಈಜಿ, ಹತ್ತು ನಿಮಿಷ ತೇಲಿ ತೋರಿಸಬೇಕು.

ಥಾಯ್ಲೆಂಡಿನ ಕೋ ಟಾವ್ ದ್ವೀಪದಲ್ಲಿ ಕಲಿಯುವುದು ಅಗ್ಗ ಅನ್ನುವ ಮಾತು ಎಲ್ಲರ ಬಾಯಲ್ಲೂ ಇದೆ. ಈಗ ಅಲ್ಲಿ ಕೋರ್ಸಿಗೆ ಹತ್ತು ಸಾವಿರ ಬಾತ್ ಆಸುಪಾಸು ಆಗುತ್ತದೆ. ರೂಪಾಯಿಗೆ ತಿರುಗಿಸಿ ನೋಡಿದರೆ ಅಂಡಮಾನಿನ ಬೆಲೆಗಿಂತ ತೀರಾ ಕಡಿಮೆಯೇನಲ್ಲ. ಜೊತೆಗೆ ಬ್ಯಾಂಕಾಕ್ ವಿಮಾನ, ಚುಂಫೊನ್‌ವರೆಗೆ ರಾತ್ರಿ ಬಸ್ಸೋ ರೈಲೋ, ಮತ್ತೆ ಫೆರ್ರಿ. ಅದರ ನಿಜವಾದ ಲಾಭ ಬೇರೆ ಕಡೆ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಸಮುದ್ರಗಳು ಕೆರಳಿ ಕೂತಿರುವಾಗ ಕೋ ಟಾವ್ ಶಾಂತವಾಗಿರುತ್ತದೆ. ಅಲ್ಲಿ ಜೋರು ಮಳೆ ಬರುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಹಾಗಾಗಿ ಬೇಸಿಗೆ ರಜೆಯಲ್ಲಿ ಕಲಿಯುವುದಾದರೆ ಅಂಡಮಾನ್, ಜುಲೈ-ಆಗಸ್ಟ್‌ನಲ್ಲಾದರೆ ಕೋ ಟಾವ್. ಎಲ್ಲೇ ಆಗಲಿ, ಒಬ್ಬ ಇನ್‌ಸ್ಟ್ರಕ್ಟರ್‌ಗೆ ಎಷ್ಟು ಜನ ಅಂತ ಮೊದಲು ಕೇಳಿ. ನಾಲ್ಕಕ್ಕಿಂತ ಜಾಸ್ತಿ ಅಂದರೆ ಬೇರೆ ಕಡೆ ನೋಡಿ.

ಬಾಲಿ: ಮನೆಯವರೆಲ್ಲ ಒಟ್ಟಿಗೆ ಹೋಗುವುದಾದರೆ

ಒಬ್ಬರಿಗೆ ಡೈವ್, ಇನ್ನೊಬ್ಬರಿಗೆ ಸ್ನಾರ್ಕೆಲ್, ಅತ್ತೆ-ಮಾವನಿಗೆ ದೇವಸ್ಥಾನ: ಮೂರೂ ಕೂಡಿ ಬರುವುದು ಇಲ್ಲಿ. ಬಾಲಿಯ ಈಶಾನ್ಯದ ತುಲಾಂಬೆನ್ ಊರಿನ ದಡದಿಂದ ಸುಮಾರು 30 ಮೀಟರ್ ದೂರದಲ್ಲೇ ಲಿಬರ್ಟಿ ಎಂಬ ಅಮೆರಿಕದ ಹಡಗು ಮುಳುಗಿ ಕೂತಿದೆ. 1942ರಲ್ಲಿ ಜಪಾನಿನ ಜಲಾಂತರ್ಗಾಮಿಯ ಏಟು ತಿಂದು ಈ ದಡಕ್ಕೆ ಬಂದು ನಿಂತಿತ್ತು. 1963ರಲ್ಲಿ ಆಗುಂಗ್ ಜ್ವಾಲಾಮುಖಿ ಸಿಡಿದಾಗ ನೀರಿಗೆ ಜಾರಿತು. ಹಡಗಿನ ಮೇಲ್ಭಾಗ ಐದು ಮೀಟರಿನಲ್ಲಿದೆ, ಕೆಳಭಾಗ ಮೂವತ್ತರ ಹತ್ತಿರ. ಸ್ನಾರ್ಕೆಲ್ ಮಾಡುವವರಿಗೆ ಮೇಲಿಂದಲೇ ಅದರ ಆಕಾರ ಕಾಣುತ್ತದೆ, ಡೈವರ್‌ಗಳು ಒಳಗೆ ಸುತ್ತಿ ಬರುತ್ತಾರೆ. ಬೋಟ್ ಬೇಕಿಲ್ಲ. ದಡದ ತುಂಬ ಕಾಲು ನಿಲ್ಲದ ದುಂಡು ಕಲ್ಲು. ಆ ಕಲ್ಲಿನ ಮೇಲೆ ಊರಿನ ಹೆಂಗಸರು ಸಿಲಿಂಡರ್‌ಗಳನ್ನು ತಲೆಯ ಮೇಲೆ ಹೊತ್ತು ಸರಸರ ನಡೆದು ಹೋಗುತ್ತಾರೆ. ನಾವು ಬರಿಗೈಲಿ ಎಡವುತ್ತಾ ಹಿಂದೆ.

ಪಕ್ಕದ ನುಸಾ ಪೆನಿಡಾ ದ್ವೀಪದಲ್ಲಿ ಮಂಟಾ ಸಿಗುತ್ತವೆ. ಜುಲೈನಿಂದ ಅಕ್ಟೋಬರ್‌ವರೆಗೆ ಮೋಲಾ ಮೋಲಾ ಎಂಬ ದೈತ್ಯ ಮೀನೂ ಬರುತ್ತದೆ. ಆದರೆ ನೀರು ತಣ್ಣಗೆ, ಸೆಳೆತ ಬಲು ಜೋರು. ನಾಲ್ಕೇ ನಾಲ್ಕು ಡೈವ್ ಮಾಡಿದವರ ಜಾಗ ಅದಲ್ಲ, ಏಜೆಂಟ್ ಏನೇ ಹೇಳಲಿ.

ಗಲ್ಫ್‌ನಲ್ಲಿರುವ ನಮ್ಮವರಿಗೆ

ದುಬೈ, ಮಸ್ಕತ್, ಜೆಡ್ಡಾದಲ್ಲಿದ್ದುಕೊಂಡು ಊರಿಗೆ ಬರುವಾಗ ಮಾಲ್ಡೀವ್ಸ್ ಹುಡುಕುವವರನ್ನು ಕಂಡರೆ ನಗು ಬರುತ್ತದೆ. ಮಸ್ಕತ್ ಬಳಿಯ ದೇಮಾನಿಯಾತ್ ದ್ವೀಪಗಳು ಬೋಟಿನಲ್ಲಿ ಹೋಗಿ ಬರುವಷ್ಟು ಹತ್ತಿರ. ಕಡಲಾಮೆ ನೋಡಲು ಸ್ನಾರ್ಕೆಲ್ ಸಾಕು.

ಇನ್ನು ಈಜಿಪ್ಟಿನ ಕೆಂಪು ಸಮುದ್ರ. ಸ್ನಾರ್ಕೆಲ್, ಸ್ಕೂಬಾ ಎರಡಕ್ಕೂ ಸಮನಾಗಿ ಒದಗುವ ಒಂದೇ ಜಾಗ ಹೇಳಿ ಅಂದರೆ ನಾನು ದಹಬ್ ಅನ್ನುತ್ತೇನೆ. ದೊಡ್ಡ ನದಿ ಯಾವುದೂ ಬಂದು ಸೇರುವುದಿಲ್ಲ, ಮಳೆಯೂ ಅಪರೂಪ. ಅದಕ್ಕೇ ನೀರು ಗಾಜಿನಷ್ಟು ತಿಳಿ. ದಡದಲ್ಲಿ ಮೊಣಕಾಲುದ್ದ ನೀರಿನಲ್ಲೇ ಹವಳ ಶುರುವಾಗಿ, ನಾಲ್ಕು ಹೆಜ್ಜೆ ಆಚೆಗೆ ಗೋಡೆಯ ಹಾಗೆ ನೇರ ಕೆಳಗೆ ಇಳಿಯುತ್ತದೆ. ಗೋಡೆಯ ಮೇಲಂಚಿನಲ್ಲಿ ನೀವು ತೇಲಬಹುದು, ಅದೇ ಗೋಡೆಗುಂಟ ನಿಮ್ಮ ಸ್ನೇಹಿತರು ಇಳಿಯಬಹುದು. ಕೆಂಪು ಸಮುದ್ರದ ಉತ್ತರ ಭಾಗದ ಹವಳ ಬಿಸಿಯನ್ನು ಬೇರೆಡೆಗಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ ಅನ್ನುವುದೂ ಅದರ ಪರವಾಗಿದೆ. ಅಲ್ಲಿನ ಬ್ಲೂ ಹೋಲ್ ಎಂಬ ಸಮುದ್ರದ ಗುಂಡಿ 100 ಮೀಟರಿಗೂ ಆಳ. ಐವತ್ತು ಮೀಟರಿನಾಚೆಯ ಕಮಾನಿನಲ್ಲಿ ತೂರಿ ಹೋಗುವ ಹುಚ್ಚಿಗೆ ಬಹಳ ಡೈವರ್‌ಗಳು ಸತ್ತಿದ್ದಾರೆ, ಅವರ ಹೆಸರಿನ ಫಲಕಗಳು ದಡದ ಬಂಡೆಯ ಮೇಲಿವೆ. ಮೇಲೆ ಸ್ನಾರ್ಕೆಲ್ ಮಾಡುವವರಿಗೆ ಅದೇ ಜಾಗ ಹಬ್ಬ. ಜನವರಿ-ಫೆಬ್ರವರಿಯಲ್ಲಿ ನೀರು 21-22 ಡಿಗ್ರಿಗೆ ಇಳಿಯುತ್ತದೆ, ದಪ್ಪ ವೆಟ್‌ಸೂಟ್ ಬೇಕು.

ಅನುಭವ ಇರುವವರಿಗೆ ಅದೇ ಸಮುದ್ರದಲ್ಲಿ ಥಿಸಲ್‌ಗಾರ್ಮ್ ಹಡಗಿದೆ. 1941ರಲ್ಲಿ ಜರ್ಮನ್ ಬಾಂಬಿಗೆ ಮುಳುಗಿದ ಬ್ರಿಟಿಷ್ ಹಡಗು. ಅದರ ಹೊಟ್ಟೆಯೊಳಗೆ ಲಾರಿ, ಮೋಟರ್‌ಸೈಕಲ್‌ಗಳು ಇವತ್ತಿಗೂ ಸಾಲಾಗಿ ನಿಂತಿವೆ.

ದೂರದ ದೊಡ್ಡ ಹೆಸರುಗಳ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ 2,300 ಕಿ.ಮೀ. ಉದ್ದ ಇದೆ. ಸಿಡ್ನಿ, ಮೆಲ್ಬರ್ನ್‌ನಲ್ಲಿ ಮಕ್ಕಳಿದ್ದರೆ ಅವರನ್ನು ನೋಡಲು ಹೋದಾಗ ರೀಫ್ ಪಕ್ಕದ ಕೇರ್ನ್ಸ್‌ಗೂ ಹೋಗಿ ಬನ್ನಿ. ಅದಕ್ಕಾಗಿಯೇ ಇಲ್ಲಿಂದ ಹೋಗುವುದು ದುಬಾರಿ. ನವೆಂಬರ್‌ನಿಂದ ಮೇವರೆಗೆ ವಿಷದ ಜೆಲ್ಲಿಫಿಶ್ ಇರುವುದರಿಂದ ಮೈ ಮುಚ್ಚುವ ಸೂಟ್ ಹಾಕಬೇಕು. ಬೆಲೀಜ್‌ನ ಗ್ರೇಟ್ ಬ್ಲೂ ಹೋಲ್ ವಿಮಾನದಿಂದ ನೋಡಿದರೇ ಚೆಂದ, ಒಳಗೆ ಮೀನು ಕಡಿಮೆ. ಇಂಡೊನೇಷ್ಯಾದ ರಾಜಾ ಅಂಪತ್‌ನಲ್ಲಿ 1,500ಕ್ಕೂ ಹೆಚ್ಚು ಜಾತಿಯ ಮೀನುಗಳಿವೆ. ಎಲ್ಲ ಕಡೆ ಡೈವ್ ಮಾಡಿ ಮುಗಿಸಿದ ಮೇಲೆ ಹೋಗುವ ಜಾಗ ಅದು.

ಹೊರಡುವ ಮೊದಲು

ಮಾಸ್ಕನ್ನು ಸ್ವಂತಕ್ಕೆ ಕೊಂಡುಕೊಳ್ಳಿ, ಉಳಿದದ್ದು ಬಾಡಿಗೆಗೆ ಸಿಗುತ್ತದೆ. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರೆಳೆದುಕೊಂಡರೆ ಬೀಳದೆ ಕಚ್ಚಿಕೊಳ್ಳಬೇಕು. ದಟ್ಟ ಮೀಸೆ ಇದ್ದವರಿಗೆ ಸಂದಿಯಿಂದ ನೀರು ನುಗ್ಗುತ್ತದೆ. ಮೇಲ್ತುಟಿಯ ಹತ್ತಿರ ಸ್ವಲ್ಪ ವ್ಯಾಸಲಿನ್ ಹಚ್ಚಿ, ಇಲ್ಲ ಮೂಗಿನ ಕೆಳಗೆ ಒಂದು ಗೆರೆಯಷ್ಟು ಟ್ರಿಮ್ ಮಾಡಿ. ಕನ್ನಡಕದವರು ಪವರ್ ಇರುವ ಮಾಸ್ಕ್ ಇದೆಯಾ ಅಂತ ಕೇಳಿ.

ಅಸ್ತಮಾ, ಹೃದಯದ ತೊಂದರೆ, ಕಿವಿ ಆಪರೇಷನ್ ಆಗಿದ್ದರೆ ವೈದ್ಯರ ಒಪ್ಪಿಗೆ ಇಲ್ಲದೆ ಸ್ಕೂಬಾ ಬೇಡ. ಕೇಂದ್ರದವರು ಕೊಡುವ ಆರೋಗ್ಯದ ಫಾರಂನಲ್ಲಿ ಎಲ್ಲಕ್ಕೂ 'ಇಲ್ಲ' ಅಂತ ಟಿಕ್ ಹಾಕಿ ಕೊಡುವುದು ನಮ್ಮಲ್ಲಿ ಮಾಮೂಲಿ, ಅದು ಮಾತ್ರ ಮಾಡಬೇಡಿ. ನೆಗಡಿ ಇದ್ದ ದಿನ ಕಿವಿ ಬಿಡುವುದಿಲ್ಲ, ಬುಕಿಂಗ್ ಮುಂದೂಡಿ. ಮಾಮೂಲಿ ಟ್ರಾವೆಲ್ ಇನ್ಶುರೆನ್ಸ್‌ನಲ್ಲಿ ಸ್ಕೂಬಾ ಸೇರಿದೆಯೇ ಅಂತ ಓದಿ ನೋಡಿ. ಎಷ್ಟೋ ಪಾಲಿಸಿಗಳಲ್ಲಿ ಇರುವುದಿಲ್ಲ.

ವಾಪಸ್ ಬರುವ ವಿಮಾನದ ಲೆಕ್ಕವನ್ನೂ ಮೊದಲೇ ಹಾಕಿ. ಒಂದೇ ಡೈವ್ ಮಾಡಿದ್ದರೆ ಕನಿಷ್ಠ 12 ಗಂಟೆ, ಹೆಚ್ಚು ಮಾಡಿದ್ದರೆ 18 ಗಂಟೆ ಕಳೆಯದೆ ವಿಮಾನ ಹತ್ತಬಾರದು. ನೇತ್ರಾಣಿಯಿಂದ ರೈಲಿನಲ್ಲಿ ಬರುವವರಿಗೆ ಈ ಚಿಂತೆ ಇಲ್ಲ. ಅಂಡಮಾನ್, ಮಾಲ್ಡೀವ್ಸ್, ದಹಬ್‌ಗೆ ಹೋಗುವವರು ಡೈವ್‌ಗಳನ್ನೆಲ್ಲ ಮೊದಲ ದಿನಗಳಲ್ಲೇ ಮುಗಿಸಿ, ಕೊನೆಯ ದಿನವನ್ನು ಸ್ನಾರ್ಕೆಲಿಂಗ್‌ಗೆ ಇಟ್ಟುಕೊಳ್ಳಿ.